ಲೆಕ್ಕ ಚುಕ್ತಾ ಆದ ಮೇಲೆ ಬಂದ ದುಡ್ಡು

2006ರಲ್ಲಿ ಸ್ಕಾಟ್ಲೆಂಡಿನಲ್ಲಿ ಸಾಲದಲ್ಲಿ ಕುತ್ತಿಗೆವರೆಗೂ ಮುಳುಗಿದ್ದ ಒಬ್ಬ ಮನುಷ್ಯ ಒಂದು ಪತ್ರಕ್ಕೆ ಸೈನ್ ಹಾಕಿದ. ನನ್ನ ಆಸ್ತಿಪಾಸ್ತಿಯನ್ನೆಲ್ಲ ಈ ಟ್ರಸ್ಟಿಯ ಕೈಗೆ ಒಪ್ಪಿಸಿದ್ದೇನೆ, ಇದರಿಂದ ಬಂದಷ್ಟನ್ನು ನನಗೆ ಸಾಲ ಕೊಟ್ಟವರಿಗೆ ಹಂಚಿಬಿಡಿ ಅನ್ನುವುದು ಆ ಪತ್ರದ ಸಾರಾಂಶ. 2010ರಲ್ಲಿ ಟ್ರಸ್ಟಿ ಕೊನೆಯ ಹಂಚಿಕೆ ಮುಗಿಸಿದ. ಸಾಲ ಕೊಟ್ಟವರಿಗೆ ಪೌಂಡಿಗೆ 22 ಪೆನ್ಸ್ ಚಿಲ್ಲರೆ ಸಿಕ್ಕಿತು, ಉಳಿದದ್ದು ಮನ್ನಾ. ಟ್ರಸ್ಟಿ ಫೈಲ್ ಕ್ಲೋಸ್ ಮಾಡಿದ, ಸಾಲ ಮಾಡಿದವನು ಉಸಿರು ಬಿಟ್ಟ. ನಮ್ಮ ಹಿರಿಯರ ಭಾಷೆಯಲ್ಲಿ ಹೇಳಬೇಕಂದ್ರೆ ಲೆಕ್ಕ ಚುಕ್ತಾ.

ಕೆಲವು ವರ್ಷ ಕಳೆದ ಮೇಲೆ ಒಂದು ಹೊಸ ಸಂಗತಿ ಹೊರಬಿತ್ತು. ಆತ ಸಾಲ ತೆಗೆದುಕೊಂಡ ಕಾಲದಲ್ಲಿ ಬ್ಯಾಂಕು ಸಾಲದ ಜೊತೆ ಒಂದು ಇನ್ಶೂರೆನ್ಸನ್ನೂ ಅಂಟಿಸಿತ್ತು, ಅಂಟಿಸಬಾರದ ರೀತಿಯಲ್ಲಿ ಅಂಟಿಸಿತ್ತು. ಅದಕ್ಕೆ ಪರಿಹಾರ ಬರಬೇಕಿತ್ತು. ಎಷ್ಟು? ಸುಮಾರು 56,000 ಪೌಂಡ್.

ಈಗ ಹೇಳಿ, ಈ ದುಡ್ಡು ಯಾರದ್ದು?

ಆ ಮನುಷ್ಯನದ್ದೇ ಅನ್ನೋದಕ್ಕೆ ನಿಮ್ಮ ಬಾಯಿ ತೆರೆದಿದ್ದರೆ ಒಂದು ನಿಮಿಷ ತಡೆಯಿರಿ. ಇನ್ಶೂರೆನ್ಸ್ ಮಾರಿದ್ದು 2006ಕ್ಕಿಂತ ಮುಂಚೆ. ಅಂದ್ರೆ ಪತ್ರಕ್ಕೆ ಸೈನ್ ಹಾಕಿದ ದಿನವೇ ಈ ಪರಿಹಾರ ಕೇಳುವ ಹಕ್ಕು ಅವನಲ್ಲಿತ್ತು. ಅವನಿಗೆ ಗೊತ್ತಿರಲಿಲ್ಲ ಅಷ್ಟೇ. ಇದ್ದದ್ದನ್ನೆಲ್ಲ ಟ್ರಸ್ಟಿಗೆ ಬರೆದುಕೊಟ್ಟ ಮೇಲೆ ಈ ಹಕ್ಕೂ ಅದರ ಜೊತೆ ಹೋಯಿತಲ್ಲ? ಪೌಂಡಿಗೆ 22 ಪೆನ್ಸ್ ಪಡೆದು 78 ಪೆನ್ಸ್ ಕೈಬಿಟ್ಟವರು ಸುಮ್ಮನಿರಬೇಕಾ? ಟ್ರಸ್ಟಿ ಕೇಳಿದ್ದು ಇದನ್ನೇ. ಕೇಸು ಮೂರು ಮೆಟ್ಟಿಲು ಹತ್ತಿ, ಲಂಡನ್ನಿನ ಸುಪ್ರೀಂ ಕೋರ್ಟಿನಲ್ಲಿ 2018ರ ಅಕ್ಟೋಬರ್ 31ಕ್ಕೆ ತೀರ್ಮಾನವಾಯಿತು. ಅದಕ್ಕೂ ಒಂದು ವರ್ಷ ಮುಂಚೆ, ಹೆಚ್ಚು ಕಮ್ಮಿ ಇದೇ ಪ್ರಶ್ನೆಗೆ ಇಂಗ್ಲೆಂಡಿನ ಕೋರ್ಟೊಂದು ಇದಕ್ಕೆ ತದ್ವಿರುದ್ಧವಾದ ಉತ್ತರ ಕೊಟ್ಟಿತ್ತು. ಒಂದೇ ದೇಶ, ಅದೇ ಇನ್ಶೂರೆನ್ಸ್, ನಡುವೆ ಒಂದು ಗಡಿ.

ಮೊದಲು ಆ ಇನ್ಶೂರೆನ್ಸಿನ ಕಥೆ. ಅದರ ಹೆಸರು ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್, ಚಿಕ್ಕದಾಗಿ ಪಿಪಿಐ. ಐಡಿಯಾದಲ್ಲಿ ತಪ್ಪೇನಿಲ್ಲ. ನಿಮಗೆ ಕಾಯಿಲೆ ಬಂತು, ಆಕ್ಸಿಡೆಂಟ್ ಆಯ್ತು, ಕೆಲಸ ಹೋಯ್ತು ಅಂತಿಟ್ಟುಕೊಳ್ಳಿ. ಸ್ವಲ್ಪ ಕಾಲ ನಿಮ್ಮ ಕಂತನ್ನು ಇನ್ಶೂರೆನ್ಸ್ ಕಂಪನಿ ಕಟ್ಟುತ್ತದೆ. ಹೋಮ್ ಲೋನ್ ಡೆಸ್ಕಿನಲ್ಲಿ ಕೂತು, ಸರ್ ಇದನ್ನೂ ಸೇರಿಸಿಬಿಡ್ತೀನಿ, ಸೇಫ್ಟಿಗೆ ಅನ್ನಿಸಿಕೊಂಡ ಯಾರಿಗೂ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಈ ಸೇರಿಸಿಬಿಡುವ ಕೆಲಸ ಕಾರ್ಖಾನೆಯ ಮಟ್ಟದಲ್ಲಿ ನಡೆಯಿತು. ಸ್ವಂತ ಉದ್ಯೋಗ ಮಾಡುವವರಿಗೆ ನಿರುದ್ಯೋಗದ ಇನ್ಶೂರೆನ್ಸ್ ಮಾರಿದರು, ಅವರು ಕ್ಲೇಮ್ ಮಾಡೋಕೇ ಆಗದಿದ್ದರೂ. ಮೊದಲೇ ಇದ್ದ ಕಾಯಿಲೆಗೆ ದುಡ್ಡು ಬರುವುದಿಲ್ಲ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಬಚ್ಚಿಟ್ಟರು. ಇದನ್ನು ತಗೊಂಡ್ರೇನೇ ಲೋನ್ ಪಾಸಾಗೋದು ಅಂತ ಹೇಳಿದವರಿದ್ದರು. ಏನನ್ನೂ ಹೇಳದೆ ಫಾರಂನಲ್ಲಿ ಟಿಕ್ ಹಾಕಿಟ್ಟವರೂ ಇದ್ದರು.

ಇದರಲ್ಲಿ ಅತಿ ಕೆಟ್ಟದ್ದು ಸಿಂಗಲ್ ಪ್ರೀಮಿಯಂ ಅನ್ನುವ ಬಗೆ. ಐದು ವರ್ಷದ ಪ್ರೀಮಿಯಂ ಪೂರ್ತಿ ಮೊದಲ ದಿನವೇ ಲೆಕ್ಕ ಹಾಕಿ ಸಾಲಕ್ಕೇ ಸೇರಿಸುವುದು, ಆಮೇಲೆ ಆ ಪ್ರೀಮಿಯಂ ಮೇಲೂ ಬಡ್ಡಿ ಎಳೆಯುವುದು. 2014ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಕೇಸಿನ ಲೆಕ್ಕ ನೋಡಿ. ಪ್ಯಾರಗನ್ ಅನ್ನುವ ಕಂಪನಿಯಿಂದ ಒಬ್ಬ ವಿಧವೆ 34,000 ಪೌಂಡ್ ಸಾಲ ತೆಗೆದುಕೊಂಡಿದ್ದರು. ಅದರ ಜೊತೆ ಪಿಪಿಐ ಪ್ರೀಮಿಯಂ 5,780 ಪೌಂಡ್. ಆ ಪ್ರೀಮಿಯಂನಲ್ಲಿ ಕಮಿಷನ್ ಎಷ್ಟು ಗೊತ್ತಾ? ಶೇಕಡಾ 71.8. ನೂರು ರೂಪಾಯಿ ಕೊಟ್ಟರೆ ಇನ್ಶೂರೆನ್ಸಿಗೆ ಇಪ್ಪತ್ತೆಂಟು, ನಡುವೆ ಇರುವವರ ಜೇಬಿಗೆ ಎಪ್ಪತ್ತೆರಡು. ಇಷ್ಟು ದೊಡ್ಡ ಕಮಿಷನ್ನನ್ನು ಮುಚ್ಚಿಟ್ಟದ್ದೇ ಅನ್ಯಾಯ ಅಂತ ಕೋರ್ಟು ಹೇಳಿತು.

ಹೊರಗೆ ಬಂದದ್ದು ನಿಧಾನಕ್ಕೆ. 2005ರ ಸೆಪ್ಟೆಂಬರಿನಲ್ಲಿ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಅಧಿಕೃತವಾಗಿ ದೊಡ್ಡ ದೂರು ಕೊಟ್ಟಿತು. 2008ರಲ್ಲಿ ಅಲಯನ್ಸ್ ಅಂಡ್ ಲೆಸ್ಟರ್ ಬ್ಯಾಂಕಿಗೆ 70 ಲಕ್ಷ ಪೌಂಡ್ ದಂಡ ಬಿತ್ತು. 2010ರ ಆಗಸ್ಟಿನಲ್ಲಿ ನಿಯಂತ್ರಕ ಸಂಸ್ಥೆ ಎಫ್‌ಎಸ್‌ಎ, ಹಳೆಯ ಮಾರಾಟಗಳನ್ನೂ ಬಗೆದು ನೋಡಿ ಪರಿಹಾರ ಕೊಡಿ ಅಂತ ನಿಯಮ ತಂದಿತು. ಬ್ಯಾಂಕುಗಳು ಒಟ್ಟಾಗಿ ಕೋರ್ಟಿಗೆ ಹೋದವು, 2011ರ ಏಪ್ರಿಲ್‌ನಲ್ಲಿ ಸೋತವು. ಮೇ ತಿಂಗಳ ಮೊದಲ ವಾರದಲ್ಲಿ ಲಾಯ್ಡ್ಸ್ ಬ್ಯಾಂಕು ಸಾಲು ಬಿಟ್ಟು ಹೊರಬಂದು ಪರಿಹಾರಕ್ಕೆ 320 ಕೋಟಿ ಪೌಂಡ್ ತೆಗೆದಿಟ್ಟಿತು. ಅಲ್ಲಿಗೆ ಕಟ್ಟೆ ಒಡೆಯಿತು. 2011ರಿಂದ ಈಚೆಗೆ ಬ್ಯಾಂಕುಗಳು ವಾಪಸ್ ಕೊಟ್ಟ ಮೊತ್ತ ಸುಮಾರು 3,800 ಕೋಟಿ ಪೌಂಡ್. ಮಾರಿದ ಪಾಲಿಸಿಗಳು 6.4 ಕೋಟಿವರೆಗೂ ಇರಬಹುದು ಅನ್ನೋದು ಅಧಿಕೃತ ಅಂದಾಜು. ಇಡೀ ಬ್ರಿಟನ್ನಿನ ಜನಸಂಖ್ಯೆಯೇ ಹೆಚ್ಚು ಕಮ್ಮಿ ಅಷ್ಟು!

ಪರಿಹಾರ ಅಂದ್ರೆ ಕಟ್ಟಿದ ಪ್ರೀಮಿಯಂ, ಅದರ ಮೇಲೆ ಕಟ್ಟಿದ ಬಡ್ಡಿ, ಇಷ್ಟು ವರ್ಷ ಆ ದುಡ್ಡು ಕೈಯಲ್ಲಿಲ್ಲದಿದ್ದದ್ದಕ್ಕೆ ವರ್ಷಕ್ಕೆ ಶೇಕಡಾ 8ರಂತೆ ಸರಳ ಬಡ್ಡಿ. ಹತ್ತು ಹದಿನೈದು ವರ್ಷದ ಹಳೆಯ ಸಾಲವಾದರೆ ಮೊತ್ತ ಬೆಳೆದು ನಿಲ್ಲುತ್ತದೆ. ಮೇಲೆ ಹೇಳಿದ 56,000 ನಿಮಗೆ ಉತ್ಪ್ರೇಕ್ಷೆ ಅನ್ನಿಸಿದ್ದರೆ, ಕಾರಣ ಇದು.

ಈಗ ಇನ್ನೊಂದು ಎಳೆ. ಯಾರಿಗೆ ಹೆಚ್ಚು ಸಾಲ ಇತ್ತೋ ಅವರಿಗೇ ಹೆಚ್ಚು ಪಿಪಿಐ ಅಂಟಿತ್ತು. ನಾಲ್ಕು ಕ್ರೆಡಿಟ್ ಕಾರ್ಡ್, ಎರಡು ಪರ್ಸನಲ್ ಲೋನ್ ಇದ್ದವನಿಗೆ ಆರು ಸಲ. ಇಂಥವರೇ ತಾನೇ ಕೊನೆಗೆ ಕಂತು ಕಟ್ಟಲಾಗದೆ ಕೈಚೆಲ್ಲುವುದು. ಹೀಗಾಗಿ, ಪರಿಹಾರದ ಹೊಳೆ ಹರಿಯತೊಡಗಿದಾಗ ಅದರ ಒಂದು ದೊಡ್ಡ ಪಾಲು, ಆಗಲೇ ಸಾಲದ ಒಪ್ಪಂದ ಮಾಡಿಕೊಂಡು ಅದನ್ನು ಮುಗಿಸಿ ಕೂತವರ ಮನೆ ಕಡೆಗೆ ತಿರುಗಿತು.

ಈ ಒಪ್ಪಂದಗಳಿಗೂ ಒಂದು ಇತಿಹಾಸ ಇದೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಅದೇ, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲುತ್ತೀನಿ.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸಾಲ ತೀರಿಸದವನ ಜಾಗ ಜೈಲು. ಚಾರ್ಲ್ಸ್ ಡಿಕನ್ಸನ ಅಪ್ಪ 1824ರಲ್ಲಿ ಲಂಡನ್ನಿನ ಮಾರ್ಷಲ್ಸೀ ಜೈಲು ಸೇರಿದ್ದು ನಲವತ್ತು ಪೌಂಡ್ ಚಿಲ್ಲರೆ ಸಾಲಕ್ಕೆ. ಹನ್ನೆರಡು ವರ್ಷದ ಹುಡುಗ ಶೂ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗೆ ಲೇಬಲ್ ಅಂಟಿಸುತ್ತಿದ್ದ. ಅದಾಗಿ ಎರಡೇ ವರ್ಷಕ್ಕೆ ಸ್ಕಾಟ್ಲೆಂಡಿನಲ್ಲಿ ಇನ್ನೊಬ್ಬ ಲೇಖಕ ಬಿದ್ದ. ಅವನ ಸಾಲ ನಲವತ್ತಲ್ಲ, ಸುಮಾರು 1,20,000 ಪೌಂಡ್. ಹೆಸರು ಸರ್ ವಾಲ್ಟರ್ ಸ್ಕಾಟ್. ಇಂಗ್ಲಿಷ್ ಎಂಎ ಮಾಡಿದ ನಮ್ಮ ಮೇಷ್ಟ್ರುಗಳು ಐವಾನ್ಹೋ ಅಂತ ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲವಲ್ಲ, ಅದೇ ಸ್ಕಾಟ್. ಅವನ ಪ್ರಿಂಟಿಂಗ್ ಪ್ರೆಸ್ಸು, ಅವನ ಪ್ರಕಾಶಕ ಕಾನ್‌ಸ್ಟೆಬಲ್ ಒಬ್ಬರಿಗೊಬ್ಬರು ಹುಂಡಿ ಬರೆದುಕೊಂಡು ಬದುಕುತ್ತಿದ್ದರು. ಲಂಡನ್ನಿನಲ್ಲಿ ಹಣದ ಮಾರುಕಟ್ಟೆ ಕುಸಿದಾಗ 1826ರ ಜನವರಿಯಲ್ಲಿ ಎಲ್ಲರೂ ಒಟ್ಟಿಗೆ ಕೆಳಗೆ ಬಂದರು.

ಸ್ಕಾಟ್ ದಿವಾಳಿ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಬದಲಿಗೆ ಟ್ರಸ್ಟ್ ಡೀಡ್ ಬರೆದುಕೊಟ್ಟ: ಆಸ್ತಿಯೂ ನಿಮ್ಮದು, ನಾನು ಮುಂದೆ ಬರೆಯುವುದರ ದುಡ್ಡೂ ನಿಮ್ಮದು, ಬರೆದು ತೀರಿಸುತ್ತೇನೆ. ಬರೆದೂ ಬರೆದ. ಕಾದಂಬರಿ, ಒಂಬತ್ತು ಸಂಪುಟದ ನೆಪೋಲಿಯನ್ ಚರಿತ್ರೆ, ಹಳೆಯ ಕಾದಂಬರಿಗಳಿಗೆ ಹೊಸ ಮುನ್ನುಡಿ. 1830ರ ಡಿಸೆಂಬರಿನಲ್ಲಿ ಸಾಲ ಕೊಟ್ಟವರೇ ಸೇರಿ ಒಂದು ತೀರ್ಮಾನ ಮಾಡಿದರು. ಅವನ ಲೈಬ್ರರಿ, ಪೀಠೋಪಕರಣ, ಚಿತ್ರಗಳನ್ನು ಅವನಿಗೇ ಗೌರವದಿಂದ ವಾಪಸ್ ಕೊಟ್ಟರು. ಕೊಡಬೇಕು ಅಂತ ಯಾವ ಕರಾರೂ ಇರಲಿಲ್ಲ. 1832ರಲ್ಲಿ ಸ್ಕಾಟ್ ತೀರಿಕೊಂಡ. ಪೂರ್ತಿ ಸಾಲ ತೀರಿದ್ದು ಅವನು ಹೋದ ಮೇಲೆ, ಪುಸ್ತಕಗಳ ಹಕ್ಕಿನ ಹಣದಿಂದ.

ಇನ್ನೊಂದು ತಮಾಷೆ ಇದೆ. ತಾನೇ ಮುಳುಗಿದ್ದ ಆ 1826ರ ಫೆಬ್ರುವರಿ, ಮಾರ್ಚ್‌ನಲ್ಲಿ ಸ್ಕಾಟ್ ಪತ್ರಿಕೆಗೆ ಸುಳ್ಳು ಹೆಸರಲ್ಲಿ ಪತ್ರಗಳನ್ನು ಬರೆದ. ಯಾಕೆ? ಸ್ಕಾಟ್ಲೆಂಡಿನ ಬ್ಯಾಂಕುಗಳು ಒಂದು ಪೌಂಡಿನ ನೋಟು ಅಚ್ಚು ಹಾಕುವುದನ್ನು ಸರ್ಕಾರ ನಿಲ್ಲಿಸಲು ಹೊರಟಿತ್ತು, ಅದನ್ನು ವಿರೋಧಿಸಿ. ಸರ್ಕಾರ ಹಿಂದೆ ಸರಿಯಿತು. ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ನೋಟಿನ ಮೇಲೆ ಇವತ್ತಿಗೂ ಅವನ ಮುಖ ಇರುವುದು ಆ ಋಣಕ್ಕೆ. ಬ್ಯಾಂಕುಗಳಿಗೆ ಸಾಲ ಬಾಕಿ ಇಟ್ಟುಕೊಂಡವನು ಬ್ಯಾಂಕುಗಳನ್ನು ಉಳಿಸಿದ, ಬ್ಯಾಂಕು ಅವನನ್ನು ನೋಟಿಗೆ ಹಾಕಿತು.

ಸ್ಕಾಟ್ ಮಾಡಿದ್ದು ಟ್ರಸ್ಟ್ ಡೀಡ್. 2006ರ ನಮ್ಮ ಅನಾಮಿಕ ಮಾಡಿದ್ದೂ ಟ್ರಸ್ಟ್ ಡೀಡ್. ಇನ್ನೂರು ವರ್ಷಕ್ಕೆ ಹತ್ತಿರವಾದರೂ ಅದರ ಮೂಲ ಗುಣ ಬದಲಾಗಿಲ್ಲ. ಇದು ಕೋರ್ಟು ಹೇರುವ ದಿವಾಳಿತನ ಅಲ್ಲ, ಸಾಲ ಮಾಡಿದವನೇ ಬರೆದುಕೊಡುವ ಕರಾರು. 1985ರ ಕಾಯ್ದೆ ಅದಕ್ಕೊಂದು ಕವಚ ಕೊಟ್ಟಿತು: ಸಾಲ ಕೊಟ್ಟವರಲ್ಲಿ ಸಾಕಷ್ಟು ಜನ ನಿಗದಿತ ಸಮಯದೊಳಗೆ ಎದ್ದು ನಿಂತು ಬೇಡ ಅನ್ನದಿದ್ದರೆ, ಒಪ್ಪದವರೂ ಅದಕ್ಕೆ ಬದ್ಧರು. ಇಂಗ್ಲೆಂಡಿನಲ್ಲಿ ಇದಕ್ಕೆ ಹತ್ತಿರದ್ದು ಐವಿಎ, ಅಂದ್ರೆ ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್. ಕೆನೆತ್ ಕಾರ್ಕ್ ಸಮಿತಿಯ 1982ರ ವರದಿಯಿಂದ ಹುಟ್ಟಿ 1986ರ ಇನ್ಸಾಲ್ವೆನ್ಸಿ ಕಾಯ್ದೆಯಲ್ಲಿ ಬಂತು. ಸಾಲದ ಮೊತ್ತದ ಲೆಕ್ಕದಲ್ಲಿ ವೋಟು ಹಾಕಿದವರ ಪೈಕಿ ಶೇಕಡಾ 75 ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ. ಸಾಮಾನ್ಯವಾಗಿ ಐದು ವರ್ಷ ತಿಂಗಳು ತಿಂಗಳು ಕಟ್ಟಬೇಕು, ಆಮೇಲೆ ಉಳಿದದ್ದು ಮನ್ನಾ, ಕೈಗೊಂದು ಕಂಪ್ಲೀಷನ್ ಸರ್ಟಿಫಿಕೇಟ್. ವ್ಯಾಪಾರದಲ್ಲಿ ಸೋತ ಸಣ್ಣ ಉದ್ಯಮಿಗಳಿಗೆ ಅಂತ ಮಾಡಿದ ವ್ಯವಸ್ಥೆ 2000ದ ದಶಕದಲ್ಲಿ ಕ್ರೆಡಿಟ್ ಕಾರ್ಡ್ ಸಾಲಗಾರರ ದೊಡ್ಡ ಮಾರುಕಟ್ಟೆಯಾಯಿತು. ಟಿವಿಯಲ್ಲಿ ಜಾಹೀರಾತು ಬರುವಷ್ಟು.

ಸಾಲಗಾರ ಅಂದೆ ನೋಡಿ. ಕನ್ನಡದಲ್ಲಿ ಇದೊಂದು ವಿಚಿತ್ರ ಪದ. ಅವನು ದೊಡ್ಡ ಸಾಲಗಾರ ಅಂದರೆ ಸಾಲ ಮಾಡಿದವನು. ಬೆಳಗಾದರೆ ಸಾಲಗಾರರು ಬಾಗಿಲಿಗೆ ಬರ್ತಾರೆ ಅಂದರೆ ಸಾಲ ಕೊಟ್ಟವರು. ಒಂದೇ ಪದ, ಎರಡೂ ಕಡೆಗೆ. ಪಿಪಿಐ ವಿಷಯದಲ್ಲಿ ಈ ಗೊಂದಲವೇ ನಿಜವಾಗಿಬಿಟ್ಟಿತು. ಬ್ಯಾಂಕು ಸಾಲ ಕೊಟ್ಟದ್ದು ಹೌದು. ಅದೇ ಬ್ಯಾಂಕು ಸುಳ್ಳು ಹೇಳಿ ಕಿತ್ತುಕೊಂಡ ಪ್ರೀಮಿಯಂ ಲೆಕ್ಕದಲ್ಲಿ ಆ ಮನುಷ್ಯನಿಗೆ ಬಾಕಿದಾರನೂ ಹೌದು. ಪರಿಹಾರವನ್ನು ಸಾಲ ಕೊಟ್ಟವರಿಗೆ ಹಂಚಬೇಕು ಅಂತಾದರೆ ಏನಾಗುತ್ತೆ? ಮೋಸದಿಂದ ಮಾರಿದ ಬ್ಯಾಂಕು ಎಡಗೈಯಲ್ಲಿ ಪರಿಹಾರ ಕೊಡುತ್ತದೆ, ನಡುವೆ ಒಪ್ಪಂದ ನೋಡಿಕೊಳ್ಳುವ ಸೂಪರ್ವೈಸರ್ ತನ್ನ ಫೀಸು ತೆಗೆದುಕೊಳ್ಳುತ್ತಾನೆ, ಉಳಿದದ್ದರಲ್ಲಿ ಒಂದು ಪಾಲು ಬಲಗೈಗೆ ಬಂದು ಬೀಳುತ್ತದೆ. ಮೋಸ ಹೋದವನಿಗೆ ಸೊನ್ನೆ.

ಇಷ್ಟು ಓದಿ ಬ್ಯಾಂಕಿನ ಮೇಲೆ ಸಿಟ್ಟು ಬಂದಿದ್ದರೆ, ನ್ಯಾಯ ಅಷ್ಟು ಸಲೀಸಲ್ಲ ಅನ್ನುವುದನ್ನೂ ಹೇಳಬೇಕು. ಆ ಪಟ್ಟಿಯಲ್ಲಿ ಸಾಲ ಕೊಟ್ಟವರೆಲ್ಲ ಪಿಪಿಐ ಮಾರಿದವರಾಗಿರಬೇಕಿಲ್ಲ. ಕರೆಂಟ್ ಕಂಪನಿ, ಬಡಗಿ, ಯಾವುದೋ ಸಣ್ಣ ಅಂಗಡಿ ಕೂಡ ತಮಗೆ ಬರಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕೈಬಿಟ್ಟಿರಬಹುದು. ಅವರು ಬಿಟ್ಟುಕೊಟ್ಟದ್ದು ಇವನ ಹತ್ತಿರ ಇಷ್ಟೇ ಇದೆ ಅಂತ ನಂಬಿ. ಆಮೇಲೆ ನೋಡಿದರೆ ಇವನ ಹೆಸರಲ್ಲಿ 56,000 ಇತ್ತು.

ಈಗ ಎರಡು ತೀರ್ಪುಗಳು.

ಇಂಗ್ಲೆಂಡಿನದ್ದು 2017ರಲ್ಲಿ ಬಂತು, ಕೋರ್ಟ್ ಆಫ್ ಅಪೀಲ್‌ನಿಂದ, ಗ್ರೀನ್ ವಿರುದ್ಧ ರೈಟ್ ಅನ್ನುವ ಕೇಸು. ಐವಿಎ ಮುಗಿದಿತ್ತು, ಸರ್ಟಿಫಿಕೇಟೂ ಕೊಟ್ಟಾಗಿತ್ತು, ಆಮೇಲೆ ಪಿಪಿಐ ದುಡ್ಡು ಬಂದಿತ್ತು. ಕೋರ್ಟು ಹೇಳಿದ್ದು ಹೀಗೆ: ಒಪ್ಪಂದ ಮುಗಿದರೆ ಸಾಲ ಕೊಟ್ಟವರು ಇನ್ನು ನಿಮ್ಮ ಬೆನ್ನು ಹತ್ತುವಂತಿಲ್ಲ, ಅದು ಸರಿ. ಆದರೆ ಒಪ್ಪಂದದ ಶುರುವಿನಲ್ಲಿ ನೀವು ಟ್ರಸ್ಟಿಗೆ ಹಾಕಿದ ಆಸ್ತಿ ಟ್ರಸ್ಟಿನಲ್ಲೇ ಇರುತ್ತದೆ. ಸಾಲದಿಂದ ನಿಮಗೆ ಬಿಡುಗಡೆ ಸಿಕ್ಕಿದೆ, ಆಸ್ತಿಗೆ ಸಿಕ್ಕಿಲ್ಲ. ಒಪ್ಪಂದದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತು ಬೇರೆ, ಬರೆದಿರಲಿಲ್ಲ. ಕಂಪನಿಗಳ ಒಪ್ಪಂದ ಮುರಿದುಬಿದ್ದಾಗಲೂ ಟ್ರಸ್ಟ್ ಉಳಿಯುತ್ತದೆ ಅಂತ 2002ರಲ್ಲಿ ಇದೇ ಕೋರ್ಟು ಹೇಳಿತ್ತು. ಮುರಿದರೇ ಉಳಿಯುವುದಾದರೆ ಸರಿಯಾಗಿ ಮುಗಿದಾಗ ಯಾಕೆ ಅಳಿಯಬೇಕು ಅನ್ನುವ ದಾಟಿ.

ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಐದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕಂತು ಕಟ್ಟಿದವನ ಕಡೆಯಿಂದ ನೋಡಿ. ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದರೂ, ಅವನಿಗೆ ಗೊತ್ತಿಲ್ಲದ ಒಂದು ಟ್ರಸ್ಟ್ ಎಲ್ಲೋ ಕತ್ತಲಲ್ಲಿ ಬಾಯಿ ತೆರೆದು ಕೂತಿರುತ್ತದೆ.

ಸ್ಕಾಟ್ಲೆಂಡಿನ ಕೇಸಿನ ಹೆಸರು ಡೂನೀನ್ ವಿರುದ್ಧ ಮಾಂಡ್. ಡೂನೀನ್ ಅನ್ನುವುದು ಪಿಪಿಐ ಪರಿಹಾರ ಕೊಡಿಸುವ ಕ್ಲೇಮ್ ಕಂಪನಿ, ಮಾಂಡ್ ಟ್ರಸ್ಟಿ. ಆ ಟ್ರಸ್ಟ್ ಡೀಡಿನಲ್ಲಿ ಒಂದು ಸಾಲಿತ್ತು: ಟ್ರಸ್ಟಿ ಅಂತಿಮ ಹಂಚಿಕೆ ಮಾಡಿದಾಗ ಈ ಟ್ರಸ್ಟ್ ಕೊನೆಗೊಳ್ಳುತ್ತದೆ ಅಂತ. ಅಂತಿಮ ಹಂಚಿಕೆ ಎಂಬ ಆ ಎರಡು ಪದದ ಮೇಲೆ ಮೂರು ಕೋರ್ಟು ನಡೆಯಿತು. ಟ್ರಸ್ಟಿಯ ವಾದ ಹೀಗೆ: ಅಂತಿಮ ಅಂದರೆ ಎಲ್ಲವನ್ನೂ ಹಂಚಿದ ಮೇಲೆ ಆಗುವಂಥದ್ದು. ಪಿಪಿಐ ಹಕ್ಕನ್ನು ಹಂಚಿಯೇ ಇಲ್ಲ. ಆದ್ದರಿಂದ 2010ರಲ್ಲಿ ನಾನು ಮಾಡಿದ್ದು ಅಂತಿಮ ಹಂಚಿಕೆ ಅಲ್ಲವೇ ಅಲ್ಲ. ಟ್ರಸ್ಟ್ ಇನ್ನೂ ಜೀವಂತ.

ಲಾರ್ಡ್ ರೀಡ್ ಬರೆದ, ಉಳಿದ ನ್ಯಾಯಮೂರ್ತಿಗಳೆಲ್ಲ ಒಪ್ಪಿದ ತೀರ್ಪು ಇದನ್ನು ತಳ್ಳಿಹಾಕಿತು. ತನಗೆ ಗೊತ್ತಿದ್ದದ್ದನ್ನೆಲ್ಲ ಹಂಚಿ, ಇದೇ ಕೊನೆಯದು ಅಂತ ಟ್ರಸ್ಟಿ ಮಾಡಿದ ಹಂಚಿಕೆಯೇ ಅಂತಿಮ ಹಂಚಿಕೆ. ಆ ಪದಗಳ ಸಾಮಾನ್ಯ ಅರ್ಥ ಅಷ್ಟೇ. ಟ್ರಸ್ಟಿ ಹೇಳುವ ಅರ್ಥ ತೆಗೆದುಕೊಂಡರೆ ಯಾವ ಟ್ರಸ್ಟ್ ಡೀಡ್ ಮುಗಿದಿದೆ, ಯಾವುದು ಮುಗಿದಿಲ್ಲ ಅಂತ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಹತ್ತು ವರ್ಷ ಆದಮೇಲೆ ಅಟ್ಟದಲ್ಲಿ ಏನೋ ಸಿಕ್ಕಿದರೆ, ಹತ್ತು ವರ್ಷದ ಹಿಂದೆ ಬಿಡುಗಡೆಯೇ ಆಗಿರಲಿಲ್ಲ ಅನ್ನಬೇಕಾಗುತ್ತದೆ. (ಅಟ್ಟದ ಉದಾಹರಣೆ ನನ್ನದು, ನ್ಯಾಯಮೂರ್ತಿಗಳದ್ದಲ್ಲ.) ಟ್ರಸ್ಟ್ ಮುಗಿದ ಮೇಲೆ ಅದರಲ್ಲಿ ಉಳಿದದ್ದು ಯಾರಿಗೆ? ಅದನ್ನು ಬರೆದುಕೊಟ್ಟವನಿಗೆ ಮರಳುತ್ತದೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಇದಕ್ಕೊಂದು ಹಳೆಯ ಕಲ್ಪನೆ ಇದೆ: ಟ್ರಸ್ಟಿನ ಉದ್ದೇಶ ಮುಗಿಯುವವರೆಗೆ ಆಸ್ತಿಯ ಮೇಲೆ ಅದರ ಹೊರೆ ಇರುತ್ತದೆ ನಿಜ, ಆದರೆ ಬೇರು ಮಾತ್ರ ಕೊಟ್ಟವನ ಕೈಯಲ್ಲೇ. ಹೊರೆ ಇಳಿದರೆ ಆಸ್ತಿ ತಾನಾಗಿ ಬೇರಿನ ಕಡೆ ಬರುತ್ತದೆ.

56,000 ಅವನದ್ದಾಯಿತು. ಅಷ್ಟೂ ಅಲ್ಲ, ಕ್ಲೇಮ್ ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತೆ. ಕೋರ್ಟಿಗೆ ಹೋದ ಕಂಪನಿಗೆ ಸಾಲಗಾರರ ಮೇಲೆ ಪ್ರೀತಿ ಉಕ್ಕಿ ಹರಿದಿತ್ತು ಅಂತ ಯಾರೂ ತಿಳಿಯಬೇಕಿಲ್ಲ. ಪಿಪಿಐ ಕ್ಲೇಮುಗಳಿಗೆ ಶೇಕಡಾ 20ಕ್ಕಿಂತ ಹೆಚ್ಚು ಫೀಸು ತೆಗೆದುಕೊಳ್ಳಬಾರದು ಅನ್ನುವ ಮಿತಿ ಬಂದದ್ದೇ 2018ರ ಜುಲೈನಲ್ಲಿ. ಅದಕ್ಕೂ ಮುಂಚೆ ಮನಸ್ಸಿಗೆ ಬಂದಷ್ಟು.

ನನ್ನ ಕೇಳಿದರೆ ಸ್ಕಾಟ್ಲೆಂಡಿನ ಉತ್ತರವೇ ಸರಿ. ಪಿಪಿಐ ಮಾರಿದವರು ಕೆಟ್ಟವರು ಅನ್ನೋದು ನನ್ನ ಕಾರಣ ಅಲ್ಲ. ಹಂಚುವುದಕ್ಕೆ ಮುಂಚೆ ಹುಡುಕುವ ಕೆಲಸ ಟ್ರಸ್ಟಿಯದ್ದು. ಅದಕ್ಕೇ ಅವನಿಗೆ ಫೀಸು, ಅದೂ ಎಲ್ಲರಿಗಿಂತ ಮೊದಲು. 2010ರ ಹೊತ್ತಿಗೆ ಪಿಪಿಐ ಹಗರಣ ಬ್ರಿಟನ್ನಿನ ಪೇಪರ್‌ಗಳಲ್ಲಿ ದಿನಾ ಬರುತ್ತಿತ್ತು. ಬ್ಯಾಂಕಿಗೆ ಒಂದು ಕಾಗದ ಬರೆದು ಕೇಳಬಹುದಿತ್ತು. ಹುಡುಕದೆ ಕ್ಲೋಸ್ ಮಾಡಿದ್ದರ ಬೆಲೆಯನ್ನು ಸಾಲ ಮಾಡಿದವನು ಯಾಕೆ ಕೊಡಬೇಕು? ಬಡಗಿಗೆ ಅನ್ಯಾಯ ಆಗಿಲ್ಲ ಅಂತ ನಾನು ಹೇಳಲಾರೆ. ಆದರೆ ಬಡಗಿಯೂ ಆ ಪತ್ರದಲ್ಲಿ ಅಂತಿಮ ಅನ್ನುವ ಪದ ಇರುವುದನ್ನು ಒಪ್ಪಿಕೊಂಡವನೇ.

ಇಲ್ಲೊಂದು ಸೂಕ್ಷ್ಮ ಗಮನಿಸಿ. ಎರಡು ಕೋರ್ಟುಗಳು ನ್ಯಾಯದ ಬಗ್ಗೆ ಜಗಳವಾಡಲಿಲ್ಲ. ಇಬ್ಬರೂ ಕೇಳಿದ್ದು ಕಾಗದದಲ್ಲಿ ಏನು ಬರೆದಿದೆ ಅಂತ. ಒಂದು ಕಾಗದದಲ್ಲಿ ಟ್ರಸ್ಟ್ ಯಾವಾಗ ಮುಗಿಯುತ್ತದೆ ಅಂತ ಬರೆದಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಹಾಗಾಗಿ ಸ್ಕಾಟ್ಲೆಂಡಿನಲ್ಲೇ ಬೇರೆ ಒಕ್ಕಣೆಯ ಟ್ರಸ್ಟ್ ಡೀಡ್ ಇದ್ದರೆ, ಮುಗಿದ ಮೇಲೂ ಪಿಪಿಐ ದುಡ್ಡು ಟ್ರಸ್ಟಿಗೇ ಅಂತ ಸ್ಪಷ್ಟವಾಗಿ ಬರೆದಿದ್ದರೆ, ಉತ್ತರ ಉಲ್ಟಾ ಆಗಬಹುದು.

ಕಾಗದವೇ ಇಲ್ಲದವರ ಕಥೆ? ಇಂಗ್ಲೆಂಡಿನಲ್ಲಿ ನೇರವಾಗಿ ದಿವಾಳಿಯಾದವರಿಗೆ ಪಿಪಿಐ ದುಡ್ಡು ಸಿಗುವ ಆಸೆ ಕಮ್ಮಿ. ಅಲ್ಲಿ ಸಾಮಾನ್ಯವಾಗಿ ಒಂದೇ ವರ್ಷಕ್ಕೆ ದಿವಾಳಿತನದಿಂದ ಬಿಡುಗಡೆಯಾಗುತ್ತದೆ. ಆದರೆ ಆ ದಿನ ಇದ್ದ ಆಸ್ತಿ, ಹಕ್ಕು ಎಲ್ಲ ಟ್ರಸ್ಟಿಗೋ, ಅಫಿಷಿಯಲ್ ರಿಸೀವರ್ ಎಂಬ ಸರ್ಕಾರಿ ಅಧಿಕಾರಿಗೋ ಸೇರಿಬಿಟ್ಟಿರುತ್ತದೆ. ಬಿಡುಗಡೆಯಾದರೂ ಅದು ವಾಪಸ್ ಬರುವುದಿಲ್ಲ. ಇನ್ನೊಂದು ತುದಿಯಲ್ಲಿ ಸ್ಕಾಟ್ಲೆಂಡಿನ ಡೆಟ್ ಅರೇಂಜ್‌ಮೆಂಟ್ ಸ್ಕೀಮ್ ಇದೆ, 2004ರಿಂದ. ಅದರಲ್ಲಿ ಆಸ್ತಿ ಯಾರಿಗೂ ಬರೆದುಕೊಡುವುದಿಲ್ಲ, ಸಮಯ ತೆಗೆದುಕೊಂಡು ಅಸಲು ಪೂರ್ತಿ ಕಟ್ಟುತ್ತೀರಿ. ಹಾಗೆ ಮುಗಿಸಿದವರ ಪಿಪಿಐ ಅವರದ್ದೇ, ಯಾರ ಅಪ್ಪಣೆಯೂ ಬೇಡ. ಇವೆಲ್ಲದರ ನಡುವೆ ಬ್ಯಾಂಕುಗಳು ಮೂರನೇ ದಾರಿ ಹಿಡಿದದ್ದೂ ಉಂಟು: ಪರಿಹಾರ ಕೊಡುತ್ತೇವೆ, ಆದರೆ ನಿಮ್ಮ ಹಳೆ ಬಾಕಿಗೆ ಮುರಿದುಕೊಳ್ಳುತ್ತೇವೆ ಅನ್ನುವುದು. ಮನ್ನಾ ಆದ ಬಾಕಿಗೆ ಮುರಿದುಕೊಳ್ಳಬಹುದಾ ಅನ್ನೋದು ಇನ್ನೊಂದು ಕೇಸುಗಳ ಸರಮಾಲೆ, ಇಲ್ಲಿ ಬೇಡ.

(ನಮ್ಮಲ್ಲಿ ಈ ತಲೆನೋವು ಇನ್ನೂ ಹುಟ್ಟಿಲ್ಲ. ಮೋಸದ ಮಾರಾಟ ಇಲ್ಲ ಅಂತಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಮನುಷ್ಯರ ಸಾಲಕ್ಕೆ ಅಂತ ಬರೆದ ಭಾಗವನ್ನು 2019ರಲ್ಲಿ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿ ಮಾಡಿದರು. ಕ್ರೆಡಿಟ್ ಕಾರ್ಡ್ ಸಾಲದವನಿಗೆ ಆ ಸಂಹಿತೆಯಡಿ ಮುಗಿಸಿಕೊಳ್ಳುವ ಒಪ್ಪಂದವೇ ಇಲ್ಲದಿರುವಾಗ, ಮುಗಿದ ಮೇಲೆ ಏನು ಅನ್ನುವ ಪ್ರಶ್ನೆ ಎಲ್ಲಿಂದ ಬರಬೇಕು?)

ತೀರ್ಪು ಬಂದಾಗ ಗಡಿಯಾರ ಓಡುತ್ತಿತ್ತು. ಪಿಪಿಐ ದೂರು ಕೊಡಲು ಕೊನೆಯ ದಿನ 2019ರ ಆಗಸ್ಟ್ 29 ಅಂತ ನಿಯಂತ್ರಕರು ಗೊತ್ತು ಮಾಡಿದ್ದರು. ಅದರ ಪ್ರಚಾರಕ್ಕೆ 2017ರಿಂದ ಟಿವಿಯಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್‌ನ ಯಾಂತ್ರಿಕ ತಲೆಯೊಂದು ಸೂಪರ್‌ಮಾರ್ಕೆಟ್‌ಗಳಲ್ಲಿ ಓಡಾಡಿಕೊಂಡು ಜನರನ್ನು ಗದರಿಸುತ್ತಿತ್ತು, ಬೇಗ ತೀರ್ಮಾನ ಮಾಡಿ ಅಂತ. ಗಂಭೀರವಾದ ಸರ್ಕಾರಿ ಕೆಲಸಕ್ಕೆ ಟರ್ಮಿನೇಟರ್! ಸ್ಕಾಟ್ಲೆಂಡಿನಲ್ಲಿ ಟ್ರಸ್ಟ್ ಡೀಡ್ ಮುಗಿಸಿ, ಪಿಪಿಐ ನಮಗಲ್ಲ ಬಿಡು ಅಂತ ಸುಮ್ಮನಿದ್ದವರಿಗೆ ತೀರ್ಪಿನ ನಂತರ ಉಳಿದದ್ದು ಹತ್ತು ತಿಂಗಳು. ಹಳೆ ಪತ್ರ ಹುಡುಕಬೇಕು, ಅದರಲ್ಲಿ ಅಂತಿಮ ಹಂಚಿಕೆಯ ಸಾಲು ಇದೆಯಾ ನೋಡಬೇಕು, ಹತ್ತು ಹದಿನೈದು ವರ್ಷದ ಹಿಂದಿನ ಲೋನ್ ನಂಬರ್ ಪತ್ತೆ ಹಚ್ಚಬೇಕು. ಸಾಲದಿಂದ ಹೊರಬಂದವರು ಮೊದಲು ಮಾಡುವ ಕೆಲಸವೇ ಆ ಕಾಗದಗಳನ್ನೆಲ್ಲ ಹರಿದು ಬಿಸಾಕುವುದು. ಅದು ಯಾರ ತಪ್ಪೂ ಅಲ್ಲ.

ಆಗಸ್ಟ್ 29 ಕಳೆಯಿತು, ಪಿಪಿಐ ಬಾಗಿಲು ಮುಚ್ಚಿತು. ಆದರೆ ಅದೇ ಪ್ರಶ್ನೆ ಈಗ ಕಾರು ಹತ್ತಿ ವಾಪಸ್ ಬಂದಿದೆ. ಬ್ರಿಟನ್ನಿನಲ್ಲಿ ಕಾರ್ ಲೋನ್ ಕೊಡಿಸಿದ ಡೀಲರ್‌ಗಳು ಬಡ್ಡಿ ದರ ಏರಿಸಿದಷ್ಟೂ ತಮಗೆ ಕಮಿಷನ್ ಏರುವ ಏರ್ಪಾಡು ಮಾಡಿಕೊಂಡಿದ್ದರು. 2021ರ ಜನವರಿಯಲ್ಲಿ ಅದನ್ನು ನಿಷೇಧಿಸಿದರು. 2025ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಕಾರ್ ಫೈನಾನ್ಸ್ ಕಮಿಷನ್ ಬಗ್ಗೆ ತೀರ್ಪು ಕೊಟ್ಟು ಬಹುಪಾಲು ವಾದಗಳನ್ನು ತಳ್ಳಿಹಾಕಿತು, ಆದರೂ ಒಂದು ಕೇಸಿನಲ್ಲಿ ಗ್ರಾಹಕನ ಪರ ನಿಂತಿತು. ಅದರ ಬೆನ್ನಿಗೇ ನಿಯಂತ್ರಕ ಸಂಸ್ಥೆ ಪರಿಹಾರದ ಯೋಜನೆಯೊಂದಕ್ಕೆ ಕೈ ಹಾಕಿತು. ಆ ಕಾರು ಕೊಂಡವರಲ್ಲೂ ಆಮೇಲೆ ಐವಿಎ ಮಾಡಿಕೊಂಡವರಿದ್ದಾರೆ, ಟ್ರಸ್ಟ್ ಡೀಡ್ ಮುಗಿಸಿದವರಿದ್ದಾರೆ. ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿರಬಹುದು. ಪರಿಹಾರದ ಚೆಕ್ಕು ಬಂದರೆ ಅದರ ಮೇಲೆ ಯಾರ ಹೆಸರಿರಬೇಕು ಅಂತ ಹೇಳುವುದಕ್ಕೆ, ಅವರು ಹರಿದು ಬಿಸಾಕಿದ ಆ ಪತ್ರದ ಒಂದು ಪ್ರತಿ ಟ್ರಸ್ಟಿಯ ಕಪಾಟಿನಲ್ಲಿ ಉಳಿದಿರಬೇಕು.